ಅಕ್ಕನ ಎಪ್ಪತ್ತೆರಡು ನಿಮಿಷ

ನನ್ನ ಅಕ್ಕ ಎಪ್ಪತ್ತೆರಡು ನಿಮಿಷ ಬಾಯಿ ಮುಚ್ಚಿಕೊಂಡು ಕೂತಿರುತ್ತಿದ್ದಳು ಎಂದರೆ ತಿಪಟೂರಿನಲ್ಲಿ ಇವತ್ತಿಗೂ ಯಾರೂ ನಂಬುವುದಿಲ್ಲ. ನಂಬುವುದಾದರೂ ಹೇಗೆ? ಅಲ್ಲಿನವರು ಕಂಡ ಅಕ್ಕ, ಬಸ್ಸಿನಲ್ಲಿ ಪಕ್ಕ ಕೂತವರ ಮಗಳ ಮದುವೆಯ ಅಡುಗೆ ಪಟ್ಟಿಯನ್ನು ತಾನು ಇಳಿಯುವಷ್ಟರಲ್ಲಿ ತಿದ್ದಿಕೊಟ್ಟು ಬರುವವಳು. ಹಲ್ಲಿನ ಡಾಕ್ಟರು ಬಾಯಿಗೆ ಹತ್ತಿ ತುರುಕಿದ ಮೇಲೂ ಅವರ ನರ್ಸಿಗೆ ಹುಳಿಯನ್ನಕ್ಕೆ ಮೆಂತ್ಯ ಎಷ್ಟು ಹಾಕಬೇಕೆಂದು ಕೈಸನ್ನೆಯಲ್ಲಿ ಹೇಳಿದವಳು!

ಆದರೆ ನಾನು ಕಣ್ಣಾರೆ ಕಂಡಿದ್ದೇನೆ. ಗುಜರಾತಿನ ವಡೋದರಾದಲ್ಲಿ, ಮಂಜಲ್‌ಪುರದ ಬಾಡಿಗೆ ಮನೆಯ ಮಹಡಿಯಲ್ಲಿ, ಪ್ರತಿ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಸರಿಯಾಗಿ, ಗಂಜಿ ಹಾಕಿದ ಕಾಟನ್ ಸೀರೆ ಉಟ್ಟು, ಹಣೆಗೆ ಕುಂಕುಮ ಇಟ್ಟು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಕಣ್ಣು ಮುಚ್ಚಿ ಕೂರುತ್ತಿದ್ದಳು. ಎದುರಿಗೆ ದೇವರಿಲ್ಲ. ಎರಡು ಸ್ಪೀಕರಿನ ಸಿ.ಡಿ. ಪ್ಲೇಯರ್. ಅದರಿಂದ ಬರುತ್ತಿದ್ದುದು ಡುಬ್ ಡುಬ್ ಡುಬ್ ಡುಬ್! ಇಂಗ್ಲೆಂಡಿನ ಯಾವುದೋ ಕತ್ತಲೆ ಕ್ಲಬ್ಬಿನಲ್ಲಿ ಹುಡುಗ ಹುಡುಗಿಯರು ಕುಣಿಯಲೆಂದು ಒಬ್ಬ ಡಿ.ಜೆ. ಹನ್ನೆರಡು ಹಾಡುಗಳನ್ನು ಒಂದಕ್ಕೊಂದು ಬೆಸೆದು ಮಾಡಿದ ಸಂಗೀತ. ಪ್ರೋಗ್ರೆಸಿವ್ ಹೌಸ್ ಅಂತೆ, ಟ್ರಾನ್ಸ್ ಅಂತೆ. ಅಕ್ಕನಿಗೆ ಆಗ ಮೂವತ್ತೇಳು ವರ್ಷ. ಅವಳ ಮಿಕ್ಕ ಕ್ಯಾಸೆಟ್ಟುಗಳೆಲ್ಲ ದಾಸರ ಪದ.

ನನ್ನ ವಿಷಯ ಎರಡು ಮಾತಿನಲ್ಲಿ ಮುಗಿಯುತ್ತದೆ. ಅಕ್ಕ ಬಿ.ಕಾಂ. ಫಸ್ಟ್ ಕ್ಲಾಸು, ಬ್ಯಾಂಕಿನಲ್ಲಿ ಆಫೀಸರು. ನಾನು ಒಂಬತ್ತನೇ ಕ್ಲಾಸಿನಲ್ಲಿ ಮೂರು ವರ್ಷ ಕೂತು, ಬೆಂಚಿಗೇ ನನ್ನ ಮೇಲೆ ಬೇಸರ ಬಂದಾಗ ಎದ್ದು ಬಂದವನು. ಅವಳಿಗೆ ವಡೋದರಾಕ್ಕೆ ವರ್ಗವಾದಾಗ ಹಾಸಿಗೆ, ಒಗ್ಗರಣೆ ಡಬ್ಬಿ, ರುಬ್ಬುವ ಯಂತ್ರದ ಜೊತೆ ನನ್ನನ್ನೂ ಕಟ್ಟಿಕೊಂಡು ಬಂದಳು. ಬ್ಯಾಂಕಿಗೆ ಬರುತ್ತಿದ್ದ ಒಬ್ಬ ಸೇಠ್‌ಗೆ ಹೇಳಿ, ಸೂರತ್ತಿನ ಪಾಂಡೇಸರಾದಲ್ಲಿ ಬಟ್ಟೆಗೆ ಬಣ್ಣ ಹಾಕುವ ಮಿಲ್ಲೊಂದರಲ್ಲಿ ಕೆಲಸ ಕೊಡಿಸಿದಳು. ವಾರವೆಲ್ಲ ಮಿಲ್ಲು. ಶನಿವಾರ ಸಂಜೆ ರೈಲು ಹತ್ತಿದರೆ ಅಕ್ಕನ ಮನೆಯ ಸಾರು.

ಈ ಹುಚ್ಚು ಶುರುವಾದದ್ದು ಒಂದು ಜಗಳದಿಂದ. ಅಲ್ಲ, ಆಗಬೇಕಾಗಿದ್ದು ಆಗದೇ ಹೋದ ಜಗಳದಿಂದ. ನಮ್ಮ ಸಂಕ್ರಾಂತಿ ಅಲ್ಲಿ ಉತ್ತರಾಯಣ. ಆ ದಿನ ಗುಜರಾತಿನಲ್ಲಿ ಮನೆಯೊಳಗೆ ಇರುವವರು ಕಾಯಿಲೆಯವರು ಮಾತ್ರ. ಮಿಕ್ಕವರೆಲ್ಲ ಗಾಳಿಪಟ ಹಿಡಿದು ತಾರಸಿಯ ಮೇಲೆ. ಕೆಳಗಿನ ಮನೆಯ ಯಜಮಾನಿಯನ್ನು ನಾವು ಮಾಸಿ ಎಂದು ಕರೆಯುತ್ತಿದ್ದೆವು. ಮಾಸಿಯ ಅಣ್ಣನ ಮಗ ಆ ವರ್ಷ ಇಂಗ್ಲೆಂಡಿನ ಲೆಸ್ಟರಿನಿಂದ ಬಂದಿದ್ದ. ಅವನು ತಾರಸಿಯಲ್ಲಿ ಹಾಕಿದ ಡುಬ್ ಡುಬ್‌ಗೆ ನಮ್ಮ ಒಗ್ಗರಣೆ ಡಬ್ಬಿಯಲ್ಲಿ ಸಾಸಿವೆ ಕುಣಿಯತೊಡಗಿತು.

‘ಬಾರೋ, ಅವನಿಗೆ ನಾಲ್ಕು ಮಾತು ಹೇಳಿ ಬರೋಣ’ ಎಂದು ಅಕ್ಕ ಹೊರಟಳು. ಹಬ್ಬದ ದಿನ ಬರಿಗೈಯಲ್ಲಿ ಬೈಯಲು ಹೋಗುವುದು ಹೇಗೆ? ಎಳ್ಳುಬೆಲ್ಲದ ತಟ್ಟೆ ಹಿಡಿದುಕೊಂಡಳು.

ಇಲ್ಲಿ ಒಂದು ಮಾತು ಹೇಳಬೇಕು. ಅಕ್ಕ ಚಿಕ್ಕಂದಿನಲ್ಲಿ ಸಂಗೀತ ಕಲಿತದ್ದು ಬಹಳ ಶಿಸ್ತಿನ ಮೇಷ್ಟರ ಹತ್ತಿರ. ಹಾಡು ಮುಗಿಯುವ ಮುಂಚೆ ಯಾರಾದರೂ ಬಾಯಿ ತೆರೆದರೆ ತೊಡೆಗೆ ಚುರುಕ್ ಎಂದು ಬೀಳುತ್ತಿತ್ತಂತೆ. ಜಗತ್ತಿನಲ್ಲಿ ಅಕ್ಕನ ಬಾಯಿಗೆ ಇದ್ದ ಬೀಗ ಅದೊಂದೇ.

‘ಹಾಡು ಮುಗೀಲಿ, ಆಮೇಲೆ ಬೈತೀನಿ’ ಎಂದು ನನ್ನ ಕಿವಿಯಲ್ಲಿ ಹೇಳಿ ತಾರಸಿಯ ಬಾಗಿಲಲ್ಲೇ ನಿಂತಳು. ಐದು ನಿಮಿಷವಾಯಿತು. ಹಾಡು ಸಣ್ಣಗಾಯಿತು. ಅಕ್ಕ ಬಾಯಿ ತೆರೆದಳು. ಅಷ್ಟರಲ್ಲಿ ಅದರ ಒಳಗಿನಿಂದಲೇ ಇನ್ನೊಂದು ಹಾಡು ಎದ್ದಿತು! ಅಕ್ಕ ಬಾಯಿ ಮುಚ್ಚಿದಳು. ಹತ್ತು ನಿಮಿಷವಾಯಿತು. ಬಾಯಿ ತೆರೆದಳು, ಮುಚ್ಚಿದಳು. ಸುತ್ತ, ಪಟ ಕತ್ತರಿಸಿದಾಗಲೆಲ್ಲ ‘ಲಪೇಟ್! ಲಪೇಟ್!’ ಎಂದು ಜನ ಕೂಗುತ್ತಿದ್ದಾರೆ, ದಾರ ಕಿತ್ತ ಪಟಗಳು ತಲೆ ಮೇಲೆ ಬೀಳುತ್ತಿವೆ, ಅಕ್ಕ ಮೀನಿನ ಹಾಗೆ ಬಾಯಿ ಆಡಿಸುತ್ತ ನಿಂತಿದ್ದಾಳೆ. ತಟ್ಟೆಯ ಎಳ್ಳುಬೆಲ್ಲವನ್ನು ಒಂದೊಂದೇ ಚಿಟಿಕೆ ನಾನೇ ಖಾಲಿ ಮಾಡಿದೆ. ಎಪ್ಪತ್ತೆರಡು ನಿಮಿಷ! ಕೊನೆಗೆ ಸಂಗೀತ ನಿಂತಿತು. ಬಂದವಳು ಯಾಕೆ ಬಂದಳೆಂದು ಎಲ್ಲರೂ ತಿರುಗಿ ನೋಡಿದರು.

ಅಕ್ಕ ಖಾಲಿ ತಟ್ಟೆ ಎತ್ತಿ ಹಿಡಿದು, ತನ್ನ ತಿಪಟೂರು ಹಿಂದಿಯಲ್ಲಿ ಗುಡುಗಿದಳು: ‘ಫಿರ್ ಸೇ ಲಗಾವ್!’

ಅವನು ಮತ್ತೆ ಹಾಕಿದ. ಹೋಗುವ ಮುಂಚೆ ತನ್ನ ಕಂಪ್ಯೂಟರಿನಲ್ಲಿ ಅದರದೇ ಒಂದು ಡಿಸ್ಕ್ ಮಾಡಿ, ನೀಲಿ ಮಾರ್ಕರ್ ಪೆನ್ನಿನಿಂದ ಮೇಲೆ ಎರಡು ಸಾಲು ಇಂಗ್ಲಿಷ್ ಗೀಚಿ, ಅಕ್ಕನಿಗೆ ಕೊಟ್ಟು ಹೋದ. ಅಂಥದ್ದು ವಡೋದರಾದ ಅಂಗಡಿಯಲ್ಲೂ ಇರಲಿಲ್ಲ, ಸೂರತ್ತಿನಲ್ಲೂ ಇರಲಿಲ್ಲ. ಟ್ರಾನ್ಸ್ ಇದೆಯೇ ಎಂದು ಕೇಳಿದರೆ ದಾಂಡಿಯಾ ರೀಮಿಕ್ಸ್ ಎತ್ತಿ ಕೊಡುತ್ತಿದ್ದ ಕಾಲ ಅದು.

ಆಮೇಲೆ ಭಾನುವಾರದ ನಿಯಮಗಳು ಬಂದವು. ಹತ್ತರಿಂದ ಹನ್ನೊಂದೂಕಾಲರ ತನಕ ಮಾತಿಲ್ಲ. ಕೆಮ್ಮಿಲ್ಲ. ಫೋನ್ ಎತ್ತಿ ಪಕ್ಕಕ್ಕಿಡುವುದು. ಕುಕ್ಕರ್ ಒಂಬತ್ತೂವರೆಗೇ ಕೂಗಿ ಮುಗಿಸಿರಬೇಕು. ಒಂದು ಸಲ ಮಾಸಿ ಒಂದು ಬಟ್ಟಲು ಉಂಧಿಯು ಪಲ್ಯ ಹಿಡಿದು ಬಂದರು. ಅಕ್ಕ ಕಣ್ಣು ಮುಚ್ಚಿ ಕೂತದ್ದು ನೋಡಿ, ಚಪ್ಪಲಿ ಹೊರಗೆ ಬಿಟ್ಟು, ಸೆರಗು ತಲೆಗೆ ಎಳೆದುಕೊಂಡು, ತಾವೂ ಸದ್ದಿಲ್ಲದೆ ಕೂತರು. ಮುಂದಿನ ಭಾನುವಾರ ಪಕ್ಕದ ಮನೆಯ ಇಬ್ಬರನ್ನು ಕರೆತಂದರು. ಮೂವರಲ್ಲಿ ಒಬ್ಬರು ನಿದ್ದೆ ಹೋದರು. ಮುಗಿದ ಮೇಲೆ ಮಾಸಿ ಸ್ಪೀಕರಿಗೆ ಕೈಮುಗಿದು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು: ‘ಭಾಯಿ, ಇದು ನಿಮ್ಮ ಕರ್ನಾಟಕದ ಯಾವ ಸಂತ ಮಹಾರಾಜರದು?’

ಅದು ಅವರ ಅಣ್ಣನ ಮಗನೇ ಕೊಟ್ಟದ್ದು ಎಂದು ಹೇಳಿದೆ. ಅವರು ನಂಬಲಿಲ್ಲ. ‘ಅವನಾ? ಅವನು ಸ್ನಾನವನ್ನೇ ಸರಿಯಾಗಿ ಮಾಡಲ್ಲ!’ ಎಂದರು.

ಒಂದು ದಿನ ಊಟ ಮಾಡುವಾಗ ಅಕ್ಕ ಇದ್ದಕ್ಕಿದ್ದಂತೆ ಕೇಳಿದಳು: ‘ಲೋ, ಮಿಲ್ಲಲ್ಲಿ ನೀನು ಮಾಡೋದು ಏನು? ಸರಿಯಾಗಿ ಹೇಳು.’

ಅದುವರೆಗೆ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಹೇಳಿದೆ. ಬಣ್ಣದ ಯಂತ್ರಕ್ಕೆ ಬಟ್ಟೆ ಹೋಗುತ್ತಲೇ ಇರಬೇಕು, ನಿಲ್ಲಬಾರದು. ಆದರೆ ಮಗ್ಗದಿಂದ ಬರುವ ಬಟ್ಟೆ ತುಂಡು ತುಂಡು. ಒಂದು ತುಂಡಿಗೆ ಒಂದು ತಾನು ಎನ್ನುತ್ತಾರೆ. ಒಂದು ತಾನು ಮುಗಿಯುವ ಮುಂಚೆಯೇ ಅದರ ಕೊನೆಗೆ ಮುಂದಿನ ತಾನಿನ ತುದಿ ಇಟ್ಟು ಹೊಲಿಯಬೇಕು. ಅದೇ ನನ್ನ ಕೆಲಸ. ಹೊಲಿಗೆ ಒಂಚೂರು ಸೊಟ್ಟಗಾದರೆ ಅಲ್ಲಿಂದ ಶುರುವಾದ ಸುಕ್ಕು ಮೈಲಿ ದೂರ ಹೋಗುತ್ತದೆ. ಹೊಲಿಗೆ ಬಂತೆಂದು ಯಂತ್ರಕ್ಕೆ ಗೊತ್ತಾಗಬಾರದು. ಗೊತ್ತಾಗದಿದ್ದರೆ ನಾನು ಒಳ್ಳೆ ಕೆಲಸಗಾರ.

ಅಕ್ಕ ತಟ್ಟೆ ಬಿಟ್ಟು ಎದ್ದಳು. ಎಂಜಲು ಕೈ! ‘ಅಯ್ಯೋ, ಆ ಡಿ.ಜೆ. ಮಾಡಿರೋದೂ ಅದೇ ಕಣೋ! ಹನ್ನೆರಡು ತಾನು, ಹನ್ನೊಂದು ಹೊಲಿಗೆ! ಬಾ ಇಲ್ಲಿ, ಎಲ್ಲೆಲ್ಲಿ ಹೊಲಿಗೆ ಇದೆ ತೋರಿಸು.’

ಎಪ್ಪತ್ತೆರಡು ನಿಮಿಷ ಕೂತೆವು. ಹಳೆಯ ಹಾಡಿನ ತಮಟೆ ಕೆಳಗೆ ಹೊಸ ಹಾಡಿನ ತಮಟೆ ಕಳ್ಳನ ಹಾಗೆ ಬಂದು, ಹೆಜ್ಜೆಗೆ ಹೆಜ್ಜೆ ಹಾಕಿ ನಡೆದು, ಹಳೆಯದನ್ನು ಯಾವಾಗ ಕಳಿಸಿತು ಎಂದು ತಿಳಿಯದ ಹಾಗೆ ಕಳಿಸಿಬಿಡುತ್ತಿತ್ತು. ನಾನು ಒಂದೊಂದು ಕಡೆಯೂ ಬೆರಳೆತ್ತಿದೆ. ಹನ್ನೊಂದಕ್ಕೆ ಹನ್ನೊಂದು!

‘ಏನೋ ಇದು! ನಂಗೆ ಏಳೇ ಸಿಕ್ಕಿದ್ದು’ ಎಂದಳು ಅಕ್ಕ. ಹುಟ್ಟಿದ ಮೇಲೆ ಮೊದಲ ಸಲ ನನ್ನ ಮಾರ್ಕ್ಸು ಅಕ್ಕನ ಮಾರ್ಕ್ಸಿಗಿಂತ ಜಾಸ್ತಿ. ಆ ವಾರ ಮಿಲ್ಲಿನಲ್ಲಿ ನನ್ನ ಎದೆ ಬಾಗಿಲಿಗಿಂತ ಅಗಲವಾಗಿತ್ತು.

ಇನ್ನು ರೈಲಿನ ಕಥೆ. ತಿಂಗಳಿಗೊಮ್ಮೆ ಅಕ್ಕ ಚಟ್ನಿಪುಡಿ ಕಟ್ಟಿಕೊಂಡು ನನ್ನ ಜೊತೆ ಸೂರತ್ತಿಗೆ ಬರುತ್ತಿದ್ದಳು. ಡಿಸ್ಕ್ ಹಾಕಿ ಕೈಯಲ್ಲಿ ಹಿಡಿದುಕೊಂಡು ಕೇಳುವ ಸಣ್ಣ ಪ್ಲೇಯರ್ ಒಂದನ್ನು ಕೊಂಡಿದ್ದಳು. ಅದರ ಒಂದು ತಂತಿ ಅವಳ ಕಿವಿಗೆ, ಇನ್ನೊಂದು ನನ್ನ ಕಿವಿಗೆ. ಡಿಸ್ಕಿನ ಐವತ್ತೆಂಟನೇ ನಿಮಿಷದಲ್ಲಿ ಒಂದು ಜಾಗವಿದೆ. ತಮಟೆ ಎಲ್ಲ ನಿಂತು, ಒಂದೇ ಒಂದು ಸ್ವರ ಮೇಲೆ ಮೇಲೆ ಏರಿ, ಇನ್ನು ಏರಲಾರದು ಎನ್ನುವಾಗ ಎಲ್ಲವೂ ಒಟ್ಟಿಗೆ ಧಬ್ ಎಂದು ಬಂದು ಬೀಳುತ್ತದೆ. ವಡೋದರಾ ಬಿಟ್ಟು ಸುಮಾರು ಒಂದು ಗಂಟೆಗೆ ಭರೂಚ್. ಅದು ದಾಟಿದರೆ ನರ್ಮದೆಯ ದೊಡ್ಡ ಸೇತುವೆ. ಆ ಧಬ್ ಎನ್ನುವುದೂ ರೈಲು ಸೇತುವೆ ಹತ್ತುವುದೂ ಒಂದೇ ಗಳಿಗೆಯಲ್ಲಿ ಆಗಬೇಕು ಎಂಬುದು ಅಕ್ಕನ ಆಸೆ. ಭಾರತದ ರೈಲನ್ನು ಹಾಡಿಗೆ ಹೊಂದಿಸಲು ಹೊರಟವಳು ನನ್ನ ಅಕ್ಕ ಒಬ್ಬಳೇ ಇರಬೇಕು!

ಮೊದಲ ಸಲ ಭರೂಚಿನ ಹೊರಗೆ ಸಿಗ್ನಲ್ ಸಿಗದೆ ಗಾಡಿ ನಿಂತಿತು. ಅಕ್ಕ ಎದ್ದು ಕೂತಳು, ಕೂತು ಎದ್ದಳು. ಟಿ.ಸಿ. ಬಂದರು.

‘ಸರ್, ಇನ್ನೂ ಎಷ್ಟು ಹೊತ್ತು?’

‘ಮುಂದೆ ಬೇರೆ ಗಾಡಿ ಹಿಡಿಯಬೇಕಾ ಬೆನ್?’

‘ಇಲ್ಲ. ಸೇತುವೆ ಬರಬೇಕು.’

‘ಸೇತುವೆ ಎಲ್ಲೂ ಹೋಗಲ್ಲ ಬೆನ್.’

‘ಸೇತುವೆ ಹೋಗಲ್ಲ ಸರ್, ಹಾಡು ಹೋಗ್ತಿದೆ!’

ಸ್ವಲ್ಪ ಹೊತ್ತು ನಿಲ್ಲಿಸಿ ಇಟ್ಟುಕೋ ಎಂದೆ. ಚಪ್ಪಲಿ ಹಾಕಿಕೊಂಡು ಗರ್ಭಗುಡಿಗೆ ಹೋಗೋಣ ಎಂದವನನ್ನು ನೋಡಿದ ಹಾಗೆ ನೋಡಿದಳು.

ಮೂರು ಸಲ ಸೋತಳು. ನಾಲ್ಕನೇ ಸಲ ಏನಾಯಿತೋ, ಸ್ವರ ಏರುತ್ತಾ ಏರುತ್ತಾ ಬಂತು, ಗಾಡಿ ಭರೂಚ್ ಬಿಟ್ಟಿತು, ಕೆಳಗೆ ನೆಲ ಹೋಗಿ ನೀರು ಬಂತು, ಧಬ್! ಕಬ್ಬಿಣದ ಕಂಬಗಳು ತಾಳಕ್ಕೆ ಸರಿಯಾಗಿ ಸರ್ ಸರ್ ಎಂದು ಹಿಂದೆ ಓಡುತ್ತಿವೆ! ಅಕ್ಕ ಎರಡೂ ಕೈ ಮೇಲೆತ್ತಿದ್ದಳು, ಕಣ್ಣಲ್ಲಿ ನೀರು. ಎದುರಿನ ಸೀಟಿನ ಅಜ್ಜಿ ಕಿಟಕಿಯಿಂದ ನದಿಗೆ ನಾಣ್ಯ ಎಸೆದು ಕೈಮುಗಿಯುತ್ತಿದ್ದವರು ಅಕ್ಕನನ್ನು ನೋಡಿ, ‘ನರ್ಮದಾ ಮಾತೆಯ ಮೇಲೆ ಈ ಹುಡುಗಿಗೆ ಎಂಥ ಭಕ್ತಿ!’ ಎಂದು ಅವಳ ಕಾಲು ಮುಟ್ಟಲು ಬಂದರು.

ಇಷ್ಟು ಹೊತ್ತು ಅಕ್ಕನನ್ನು ಆಡಿಕೊಂಡೆ. ಈಗ ನನ್ನ ಸರದಿ. ನಾನು ಬರೆಯಲು ಕೂತದ್ದೇ ಇದನ್ನು ಹೇಳಲು. ಧೈರ್ಯ ಸಾಲದೆ ನರ್ಮದೆಯ ತನಕ ಹೋಗಿ ಬಂದೆ.

ಆ ಡಿಸ್ಕು ಅಕ್ಕನ ಕೈಚೀಲದಲ್ಲಲ್ಲದೆ ಮನೆಯಿಂದ ಹೊರಗೆ ಹೋಗಬಾರದು ಎಂದು ನಿಯಮ. ಒಂದು ಸಲ ಅವಳು ಬ್ಯಾಂಕಿನ ಟ್ರೈನಿಂಗಿಗೆ ಒಂದು ವಾರ ಅಹಮದಾಬಾದಿಗೆ ಹೋದಳು. ಕೀಲಿಕೈ ನನ್ನ ಹತ್ತಿರವಿತ್ತು. ನನಗೋ, ಹನ್ನೊಂದಕ್ಕೆ ಹನ್ನೊಂದು ತೆಗೆದ ಜಂಬ! ಮಿಲ್ಲಿನವರಿಗೆ ಕೇಳಿಸಿ, ‘ಇಲ್ಲಿದೆ ನೋಡಿ ಹೊಲಿಗೆ’ ಎಂದು ತೋರಿಸಬೇಡವೇ? ಹೇಳದೆ ಕೇಳದೆ ಡಿಸ್ಕನ್ನು ಸೂರತ್ತಿಗೆ ತಂದೆ. ನನಗೂ ಒಂದು ಇರಲಿ ಎಂದು, ವರಾಛಾದಲ್ಲಿ ವಜ್ರ ಉಜ್ಜುವವರ ಗಲ್ಲಿಯ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಅದರ ಕಾಪಿ ಮಾಡಿಸಿದೆ. ಎರಡನ್ನೂ ರೂಮಿನ ಕಿಟಕಿಯಲ್ಲಿಟ್ಟು ಕೆಲಸಕ್ಕೆ ಹೋದೆ.

ನಮ್ಮ ರೂಮಿನಲ್ಲಿ ನನ್ನ ಜೊತೆ ಹುಬ್ಬಳ್ಳಿಯವನೊಬ್ಬನಿದ್ದ. ಅವನಿಗೂ ಪಾರಿವಾಳಗಳಿಗೂ ಆಗದು. ಬಾಲ್ಕನಿಯಲ್ಲಿ ಒಣಹಾಕಿದ ಅವನ ಬಟ್ಟೆಯನ್ನೇ ಅವು ಆರಿಸಿ ಆರಿಸಿ ಕೆಡಿಸುತ್ತಿದ್ದವು. ಹಳೆಯ ಸಿ.ಡಿ.ಯನ್ನು ದಾರ ಕಟ್ಟಿ ತೂಗಿಬಿಟ್ಟರೆ ಅದರ ಮಿಂಚಿಗೆ ಪಾರಿವಾಳ ಬರುವುದಿಲ್ಲ ಎಂದು ಯಾರೋ ಹೇಳಿದ್ದರಂತೆ. ಸಂಜೆ ನಾನು ಬಂದಾಗ ಅಕ್ಕನ ಡಿಸ್ಕು ಬಾಲ್ಕನಿಯಲ್ಲಿ ಗಿರಗಿರನೆ ತಿರುಗುತ್ತ, ಗಾಳಿ ಬಂದಾಗಲೆಲ್ಲ ಗೋಡೆಯ ಸಿಮೆಂಟಿಗೆ ಮೈ ಉಜ್ಜಿಕೊಳ್ಳುತ್ತಿತ್ತು. ಅದರ ಮೇಲ್ಗಡೆ ದಾರದ ಮೇಲೆ ಒಂದು ಪಾರಿವಾಳ ಆರಾಮವಾಗಿ ಕೂತಿತ್ತು!

‘ಏನೋ ಇದು?’ ಎಂದು ಕಿರುಚಿದೆ.

‘ಎರಡ ಇದ್ವಲ್ಲಪಾ, ಒಂದ ತಗೊಂಡೆ’ ಎಂದ ಅವನು. ‘ಆದ್ರ ಏನೂ ಉಪಯೋಗ ಇಲ್ಲ ನೋಡು. ಈ ಸೂರತ್ತಿನ ಪಾರಿವಾಳಕ್ಕ ಹೆದರಿಕಿನ ಇಲ್ಲ.’

ಅಕ್ಕನ ಡಿಸ್ಕಿನ ಮೈಯೆಲ್ಲ ಗೀರು. ರೂಮಿನ ಪ್ಲೇಯರಿನಲ್ಲಿ ಹಾಕಿದರೆ ಕೆಮ್ಮಿ ಸುಮ್ಮನಾಯಿತು. ಇರಲಿ, ಕಾಪಿ ಇದೆಯಲ್ಲ ಎಂದು ಅದನ್ನು ಹಾಕಿದೆ. ಒಂದನೇ ಹಾಡು ಬಂತು, ಎರಡನೆಯದು ಸೇರಿಕೊಳ್ಳುವ ಜಾಗ ಬಂತು. ತಟಕ್ಕನೆ ನಿಂತಿತು! ಎರಡು ಸೆಕೆಂಡು ಏನೂ ಇಲ್ಲ. ಆಮೇಲೆ ಎರಡನೇ ಹಾಡು. ಹೀಗೇ ಹನ್ನೊಂದು ಕಡೆ. ಅಂಗಡಿಗೆ ಓಡಿದೆ. ಅಂಗಡಿಯವನಿಗೆ ಹೆಮ್ಮೆಯೋ ಹೆಮ್ಮೆ: ‘ಹಾಡುಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಬಿಟ್ಟಿದ್ದವು ಭಾಯಿ. ನಾನೇ ನಡುವೆ ಜಾಗ ಬಿಟ್ಟು ನೀಟಾಗಿ ಮಾಡಿಕೊಟ್ಟೆ. ಸರಿ ಇಲ್ಲವಾ? ಹಾಗಾದರೆ ಅಸಲಿ ಡಿಸ್ಕ್ ತನ್ನಿ, ಮತ್ತೆ ಮಾಡೋಣ.’

ಅಸಲಿ ಡಿಸ್ಕ್ ಎಲ್ಲಿಂದ ತರಲಿ?

ದಿನಕ್ಕೆ ನೂರಾರು ತಾನು ಜೋಡಿಸಿ ಹೊಲಿಗೆ ಕಾಣದ ಹಾಗೆ ಮಾಡುವವನು ನಾನು. ಅಕ್ಕನ ಹನ್ನೊಂದು ಹೊಲಿಗೆಯನ್ನೂ ನಾನೇ ಬಿಚ್ಚಿಸಿ ತಂದಿದ್ದೆ. ಅಷ್ಟಕ್ಕೇ ನಿಲ್ಲಲಿಲ್ಲ. ನಡೆದದ್ದನ್ನು ಹೇಳಿಬಿಟ್ಟಿದ್ದರೆ ಎರಡು ಬೈಗುಳದಲ್ಲಿ ಮುಗಿಯುತ್ತಿತ್ತು. ಮಾಸಿಯ ಮೂಲಕ ಲೆಸ್ಟರಿಗೆ ಹೇಳಿಸಿದ್ದರೆ ಇನ್ನೊಂದು ಬರುತ್ತಿತ್ತು. ಆದರೆ ಹನ್ನೊಂದಕ್ಕೆ ಹನ್ನೊಂದು ತೆಗೆದವನ ಬಾಯಿಂದ ಆ ಮಾತು ಹೊರಡಲಿಲ್ಲ. ನೀಲಿ ಮಾರ್ಕರ್ ತಂದೆ. ಕೆಟ್ಟುಹೋದ ಡಿಸ್ಕನ್ನು ಎದುರಿಗಿಟ್ಟುಕೊಂಡು, ಆ ಎರಡು ಸಾಲು ಇಂಗ್ಲಿಷನ್ನು ರಂಗೋಲಿ ನೋಡಿ ಬಿಡಿಸುವ ಹಾಗೆ ಮಿಲ್ಲಿನ ಚಿಂದಿಯ ಮೇಲೆ ಮೂರು ದಿನ ಬರೆದು ಬರೆದು ಕೈ ಕೂರಿಸಿದೆ. ಆಮೇಲೆ ಉಸಿರು ಬಿಗಿಹಿಡಿದು ಕಾಪಿಯ ಮೇಲೆ ಬರೆದೆ. ಅಕ್ಕ ಅಹಮದಾಬಾದಿನಿಂದ ಬರುವಷ್ಟರಲ್ಲಿ ಅದನ್ನು ಅದರ ಜಾಗದಲ್ಲಿ ಇಟ್ಟಾಗಿತ್ತು.

ಭಾನುವಾರ ಬಂತು. ಹತ್ತು ಗಂಟೆ. ಅಕ್ಕ ಕೂತಳು. ನಾನು ಹಿಂದೆ ಗೋಡೆಗೆ ಒರಗಿ ಕೂತೆ. ಒಂದನೇ ಹಾಡು ಮುಗಿಯುತ್ತ ಬಂದ ಹಾಗೆ ನನ್ನ ಎದೆ ಸ್ಪೀಕರಿಗಿಂತ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ತಟಕ್ಕನೆ ನಿಂತಿತು. ಅಕ್ಕನ ಬೆನ್ನು ನೆಟ್ಟಗಾಯಿತು. ಎರಡು ಸೆಕೆಂಡು. ಮತ್ತೆ ಹಾಡು. ಅವಳು ತಿರುಗಲಿಲ್ಲ. ಎರಡನೇ ಕಡೆಯೂ ನಿಂತಿತು. ಆಗಲೂ ತಿರುಗಲಿಲ್ಲ.

ಮೂರನೇ ಕಡೆ ನಿಂತಾಗ ಅವಳ ಕೈ ಮೆಲ್ಲಗೆ ಪಕ್ಕದ ಕಾಫಿ ಲೋಟದ ಹತ್ತಿರ ಹೋಯಿತು. ಉಂಗುರದ ಬೆರಳು ಸ್ಟೀಲಿನ ಮೇಲೆ ಟಕ್, ಟಕ್, ಟಕ್, ಟಕ್ ಎಂದಿತು. ನಾಲ್ಕು. ನಾಲ್ಕನೆಯದು ಮುಗಿಯುವುದಕ್ಕೂ ಹಾಡು ಶುರುವಾಗುವುದಕ್ಕೂ ಸರಿಹೋಯಿತು.

ಅಂದಿನಿಂದ ಎರಡು ವರ್ಷ, ನಾನು ಹೋದ ಪ್ರತಿ ಭಾನುವಾರವೂ ಹಾಗೆಯೇ. ಡಿಸ್ಕು ಕೆಟ್ಟಿದೆಯಲ್ಲ ಎಂದು ಅವಳು ಒಂದು ಮಾತು ಆಡಲಿಲ್ಲ. ಬಾಯಿಯ ತುಂಬ ಮಾತಿರುವ ಅಕ್ಕ! ನಾನು ಕೇಳಲಿಲ್ಲ. ಸೂರತ್ತಿಗೆ ಬರುವಾಗ ಕಿವಿಗೆ ಹಾಕುವ ತಂತಿ ಹಾಳಾಗಿದೆ ಎಂದು ಸಣ್ಣ ಪ್ಲೇಯರನ್ನೂ ಹೊರಗೆ ತೆಗೆಯುತ್ತಿರಲಿಲ್ಲ. ನಾವು ಸುಮ್ಮನೆ ಸೇತುವೆ ದಾಟುತ್ತಿದ್ದೆವು. ಅಜ್ಜಿಯರು ನಾಣ್ಯ ಎಸೆಯುತ್ತಿದ್ದರು.

ಆಮೇಲೆ ಅವಳಿಗೆ ಅಹಮದಾಬಾದಿಗೆ ವರ್ಗವಾಯಿತು. ಸಾಮಾನು ಕಟ್ಟಲು ಹೋದೆ. ಸಣ್ಣ ಪ್ಲೇಯರಿನ ಬ್ಯಾಟರಿ ತೆಗೆದಿಡೋಣ ಎಂದು ಮುಚ್ಚಳ ತೆರೆದರೆ, ಒಳಗೊಂದು ಡಿಸ್ಕು. ಅದೇ ಎರಡು ಸಾಲು ಇಂಗ್ಲಿಷು. ಆದರೆ ನನ್ನ ಕೈಯದಲ್ಲ. ತಂತಿ ಕಿವಿಗಿಟ್ಟು ಕೇಳಿದೆ. ತಂತಿಗೆ ಏನೂ ಆಗಿರಲಿಲ್ಲ. ಒಂದನೇ ಹಾಡಿನ ಕೆಳಗಿಂದ ಎರಡನೆಯದು ಕಳ್ಳನ ಹಾಗೆ ಬಂದು ಸೇರಿಕೊಂಡಿತು. ಎಲ್ಲೂ ನಿಲ್ಲಲಿಲ್ಲ.

ಬಾಗಿಲಲ್ಲಿ ಮಾಸಿ, ದಾರಿಗೆಂದು ಥೇಪ್ಲಾ ರೊಟ್ಟಿಯ ಗಂಟು ಹಿಡಿದು ನಿಂತಿದ್ದರು. ‘ಅದಾ? ಹೋದ ಉತ್ತರಾಯಣಕ್ಕೂ ಮುಂಚಿನದರಲ್ಲಿ ನಮ್ಮ ಅಣ್ಣನ ಮಗ ಬಂದಾಗ ನಿನ್ನ ಅಕ್ಕ ಕೇಳಿ ಮಾಡಿಸಿಕೊಂಡಳಲ್ಲ. ಹಳೆಯದು ತನ್ನ ಕೈಯಿಂದಲೇ ಕೆಟ್ಟುಹೋಯಿತು ಎಂದು ಪಾಪ ಎಷ್ಟು ಪೇಚಾಡಿಕೊಂಡಳು!’

ಒಳಗೆ ಅಕ್ಕ ನೆಲದ ಮೇಲೆ ಕೂತು ಲೋಟಗಳನ್ನು ಪೇಪರಿನಲ್ಲಿ ಸುತ್ತುತ್ತಿದ್ದಳು. ಡಿಸ್ಕು ಹಿಡಿದು ಎದುರಿಗೆ ನಿಂತೆ.

‘ಅಕ್ಕ, ಇದರಲ್ಲಿ ಹೊಲಿಗೆ ಕಾಣಲ್ಲ.’

‘ಹೂಂ.’

‘ಇದು ಇದ್ದೂ ನಾನು ಬಂದಾಗ ಅದನ್ನ ಯಾಕೆ ಹಾಕ್ತಿದ್ದೆ?’

ಅವಳು ಲೋಟ ಸುತ್ತುವುದನ್ನು ನಿಲ್ಲಿಸಲಿಲ್ಲ. ‘ಒಂಬತ್ತನೇ ಕ್ಲಾಸಲ್ಲಿ ನಿನ್ನ ಕೈಲಿ ಒಂದು ಸಾಲು ಇಂಗ್ಲಿಷ್ ಬರೆಸೋಕೆ ಮೂರು ವರ್ಷ ಒದ್ದಾಡಿದೀನಿ ಕಣೋ. ಆಗಲಿಲ್ಲ. ಅದರ ಮೇಲೆ ಎರಡು ಸಾಲು ಬರ್ದಿದೀಯ. ಒಂದಕ್ಷರ ತಪ್ಪಿಲ್ಲ. ಅವನದು ಕಾಗೆ ಕಾಲು, ನಿಂದು ಎಷ್ಟು ಮುದ್ದಾಗಿದೆ! ಅದನ್ನ ಎತ್ತಿಡಕ್ಕಾಗುತ್ತೇನೋ?’

ಪಾರಿವಾಳದ ವಿಷಯ ಆಗಲೂ ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ. ಅಕ್ಕಾ, ನಿನ್ನ ಡಿಸ್ಕನ್ನು ನಾನು ಕದ್ದು ಒಯ್ದೆ, ಅದನ್ನು ಪಾರಿವಾಳ ಓಡಿಸಲು ನೇತು ಹಾಕಿದ್ದರು, ಪಾರಿವಾಳ ಹೋಗಲೂ ಇಲ್ಲ. ಇದೋ, ಬರೆದಿದ್ದೇನೆ. ಅಕ್ಷರ ತಪ್ಪಿದ್ದರೆ ತಿದ್ದಿಕೋ.

ಅವತ್ತೂ ಭಾನುವಾರ. ಲೋಟಗಳನ್ನು ಸುತ್ತಿ ಮುಗಿಸಿ ಅಕ್ಕ ‘ಹತ್ತು ಗಂಟೆ ಆಯ್ತು’ ಎಂದಳು. ಸ್ಪೀಕರಿನ ಪ್ಲೇಯರನ್ನು ಇನ್ನೂ ಕಟ್ಟಿರಲಿಲ್ಲ. ಅವಳು ಹಾಕಿದ್ದು ನನ್ನ ಡಿಸ್ಕನ್ನೇ. ರಟ್ಟಿನ ಪೆಟ್ಟಿಗೆಗಳ ನಡುವೆ ಇಬ್ಬರೂ ಕೂತೆವು. ಒಂದನೇ ಹಾಡು ಬಂದು ತಟಕ್ಕನೆ ನಿಂತಿತು. ಅಕ್ಕನ ಕೈ ಪಕ್ಕಕ್ಕೆ ಹೋಯಿತು. ಲೋಟಗಳೆಲ್ಲ ಪೇಪರಿನೊಳಗೆ. ಅವಳ ಬೆರಳು ಗಾಳಿಯಲ್ಲಿ ಹುಡುಕುತ್ತಿರುವಾಗ ನಾನು ಪಕ್ಕದ ಪೆಟ್ಟಿಗೆಯ ಮೇಲೆ ಬಡಿದೆ. ಟಕ್, ಟಕ್, ಟಕ್, ಟಕ್.

ಹಾಡು ಶುರುವಾಯಿತು. ಅಕ್ಕ ಕಣ್ಣು ತೆರೆಯಲಿಲ್ಲ. ಆದರೆ ಅಷ್ಟು ವರ್ಷಗಳಲ್ಲಿ ಮೊದಲ ಸಲ ನಿಯಮ ಮುರಿದು, ಹಾಡಿನ ನಡುವೆ ಬಾಯಿ ತೆರೆದಳು.

‘ಮೂರನೇ ಟಕ್ ಸ್ವಲ್ಪ ಬೇಗ ಬಂತು ಕಣೋ.’